ಹರ್ನಿಯಾ ಎಂದು ಹೇಳಿದ್ದೆವು

ನನ್ನ ಮೊದಲ ಆಪರೇಶನ್ ಆದಾಗ ನಾವು ಎಲ್ಲರಿಗೂ ಹರ್ನಿಯಾ ಎಂದು ಹೇಳಿದ್ದೆವು. ಹಾಗೆ ಹೇಳುವುದು ಸುಲಭವಾಗಿತ್ತು. ಕ್ಯಾನ್ಸರ್ ಆಗಿದ್ದ ಎಡ ಸ್ತನವನ್ನು ತೆಗೆದು, ಅದೇ ದಿನ, ಅದೇ ಟೇಬಲ್ಲಿನ ಮೇಲೆ, ನನ್ನ ಕಿಬ್ಬೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಎತ್ತಿ ಆ ಖಾಲಿ ಜಾಗದಲ್ಲಿ ಕೂಡಿಸಿದ್ದರು. ಹೊಟ್ಟೆಯ ಮೇಲೆ ಈ ಸೊಂಟದಿಂದ ಆ ಸೊಂಟದವರೆಗೆ ಹೊಲಿಗೆ. ಮೂರು ವಾರ ಬೆನ್ನು ನೆಟ್ಟಗೆ ಮಾಡಲು ಬರಲಿಲ್ಲ. ಬಗ್ಗಿ ನಡೆಯುವ ಹೆಂಗಸನ್ನು ನೋಡಿದವರು ಹೊಟ್ಟೆಯನ್ನು ನೋಡುತ್ತಾರೆ, ಎದೆಯನ್ನು ನೋಡುವುದಿಲ್ಲ. ಕೀಮೋ ಬೇಡವೆಂದಿದ್ದರು, ಬರೀ ಮಾತ್ರೆ. ಹಾಗಾಗಿ ಕೂದಲೂ ಉದುರಲಿಲ್ಲ.

ಆ ಸುಳ್ಳಿನಿಂದ ನಮ್ಮ ಮನೆಗೆ ಏನೂ ಆಗಲಿಲ್ಲ. ಆದದ್ದು ನಮ್ಮಲ್ಲಿ ರೊಟ್ಟಿ ಬಡಿಯಲು ಬರುತ್ತಿದ್ದ ನೀಲವ್ವನಿಗೆ. ಎರಡನೆಯ ಆಪರೇಶನ್ ಬಗ್ಗೆ ಬರೆಯಿರಿ, ಬೇರೆಯವರಿಗೆ ಧೈರ್ಯ ಬರುತ್ತದೆ ಎಂದು ನನಗೆ ಹೇಳಿದವರಿದ್ದಾರೆ. ಬರೆಯಲು ಕೂತಾಗಲೆಲ್ಲ ನೀಲವ್ವ ಮುಂದೆ ಬಂದು ನಿಲ್ಲುತ್ತಾಳೆ. ಆ ಆಪರೇಶನ್, ಅವಳಿಗೆ ಆದದ್ದು, ಎರಡೂ ಒಂದೇ ವರ್ಷದಲ್ಲಿ, ಒಂದೇ ಆಸ್ಪತ್ರೆಯಲ್ಲಿ ನಡೆದವು. ಬೇರೆ ಮಾಡಿ ಬರೆಯಲು ನನಗೆ ಬರುವುದಿಲ್ಲ.

ನಾವು ಧಾರವಾಡದ ಕಡೆಯವರು. ನಮ್ಮ ಮನೆಯವರಿಗೆ ಬಂದರಿನ ಆಫೀಸಿನಲ್ಲಿ ಕೆಲಸವಾಗಿ ಗೋವಾದ ವಾಸ್ಕೋಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಬೆಳಿಗ್ಗೆ ಬಾಲ್ಕನಿ ಒರೆಸಿದರೆ ಮಧ್ಯಾಹ್ನದೊಳಗೆ ಮತ್ತೆ ಬಂದರಿನ ಕಲ್ಲಿದ್ದಲಿನ ಕರಿ ಕೂತಿರುತ್ತದೆ, ಒರೆಸುವುದು ನನಗೆ ರೂಢಿ. ಒಬ್ಬಳೇ ಮಗಳು, ಅನಘಾ. ಪಣಜಿಯಲ್ಲಿ ಬ್ಯಾಂಕಿನ ಕೆಲಸ. ನನ್ನ ಕಾಯಿಲೆ ಗೊತ್ತಾದಾಗ ಅವಳ ಮದುವೆಯ ಮಾತು ಬೆಳಗಾವಿಯಲ್ಲಿ ಎರಡು ಮನೆಗಳಲ್ಲಿ ನಡೆದಿತ್ತು. ತಾಯಿಗೆ ಎದೆಯ ಕ್ಯಾನ್ಸರ್ ಎಂದರೆ ಮಗಳ ಜಾತಕ ವಾಪಸು ಬರುತ್ತದೆ ಎಂಬುದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿರುವ ಮಾತು. ನನ್ನ ಆರೈಕೆಗೆ ಬಂದಿದ್ದ ಗಂಡನ ಅಕ್ಕ ಕುಸುಮಕ್ಕನೇ ದಾರಿ ತೋರಿಸಿದಳು.

"ಹೊಟ್ಟಿ ಕೊಯ್ದಾರಲ್ಲ, ಹರ್ನಿಯಾ ಅಂದ್ರಾತು. ಪೂರಾ ಸುಳ್ಳೂ ಅಲ್ಲ."

ಕನ್ನಡ ಸಂಘದ ಹೆಂಗಸರು ಸೇಬು, ದಾಳಿಂಬೆ ತಂದರು. ತಮ್ಮ ತಮ್ಮ ಮನೆಯವರ ಹರ್ನಿಯಾ ಸುದ್ದಿ ಹೇಳಿದರು. ನಾನು ಎಡಗೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು, ಹೊದಿಕೆ ಗಂಟಲವರೆಗೆ ಎಳೆದುಕೊಂಡು, ಹೌದು ಹೌದು ಎಂದೆ. ಅಪ್ಪನಿಗೆ ಊರೂರು ವರ್ಗವಾಗುತ್ತಿದ್ದರಿಂದ ನಾನು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಸುಳ್ಳು ಹೇಳಿದರೆ ಪ್ರಾರ್ಥನೆಯ ಕೋಣೆಯ ಮುಂದೆ ಮೊಣಕಾಲೂರಿ ಕೂಡಬೇಕಿತ್ತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅಷ್ಟು ಸರಾಗವಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ನೀಲವ್ವ ಬಂದದ್ದು ಆಗಲೇ. ಮೊದಲು ರೊಟ್ಟಿಯನ್ನು ನಾನೇ ಬಡಿಯುತ್ತಿದ್ದೆ. ಇನ್ನು ಭಾರದ ಕೆಲಸ ಎಡಗೈಗೆ ಬೇಡ ಎಂದರು. ಇಲ್ಲೇ ಪಕ್ಕದ ಝುವಾರಿನಗರದಲ್ಲಿರುವ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹೆಂಗಸರು ಕೆಲವರು ವಾಸ್ಕೋದ ಕನ್ನಡದವರ ಮನೆಗಳಿಗೆ ವಾರಕ್ಕೆ ಎರಡು ಸಲ ಬಂದು ಜೋಳದ ರೊಟ್ಟಿ ಬಡಿದುಕೊಟ್ಟು ಹೋಗುತ್ತಾರೆ. ನೀಲವ್ವ ಹಾಗೆ ಬಂದವಳು. ನಲವತ್ತರ ಆಚೀಚೆ ವಯಸ್ಸು. ಗಂಡ ಮಲ್ಲಪ್ಪ ಬಂದರಿನಲ್ಲಿ ಹಮಾಲಿ. ಎರಡೂ ಕೈ ತುಂಬ ಹಸಿರು ಬಳೆ. ಅವಳು ರೊಟ್ಟಿ ಬಡಿಯುವಾಗ ಬಳೆಯ ಸದ್ದು, ಅಂಗೈಯ ಸದ್ದು ಎರಡೂ ಕೂಡಿ ಹಾಲ್‌ನಲ್ಲಿ ಮಲಗಿದ್ದ ನನಗೆ ಕೇಳುತ್ತಿತ್ತು. ಎಷ್ಟನೆಯ ರೊಟ್ಟಿ ಎಂದು ಸದ್ದಿನ ಮೇಲೇ ಲೆಕ್ಕ ಹಿಡಿಯುತ್ತಿದ್ದೆ.

ಮೊದಲ ದಿನವೇ ನನ್ನನ್ನು ಕಾಡಿಸಿದಳು. "ಹರ್ನ್ಯಾ ಆಗಬೇಕಂದ್ರ ಭಾಳ ಭಾರ ಎತ್ತಿರಬೇಕ್ರಿ. ನೀವೇನ್ ಎತ್ತತಿದ್ರಿ ಅಕ್ಕಾರ? ಸಿಲಿಂಡರ್ ಸೈತ ಸಾಹೇಬರ ಎತ್ತತಾರ." ಆಮೇಲೆ ತಾನೇ ಒಂದು ಹಳೆಯ ಧೋತರ ಹುಡುಕಿ ಮಡಿಕೆ ಹಾಕಿ, ಹೊಟ್ಟೆಗೆ ಹೇಗೆ ಬಿಗಿಯಬೇಕೆಂದು ತೋರಿಸಿಕೊಟ್ಟಳು. ಆ ಪಟ್ಟಿ ನಿಜಕ್ಕೂ ಹಿತವಾಗಿತ್ತು. ಹೆರಿಗೆಯಾದವರಿಗೆ ಕಟ್ಟುವ ಹಾಗೆ ಕಟ್ಟಿದ್ದಳು. ಪಟ್ಟಿ ಬಿಗಿಯುವಾಗ ಅವಳ ಕೈ ಮೇಲೆ ಬರದಂತೆ ನಾನು ಸೆರಗು ಹಿಡಿದು ನಿಂತಿದ್ದೆ.

ಮಳೆಗಾಲ ಹಿಡಿದ ಮೇಲೆ, ಆಪರೇಶನ್ ಆಗಿ ಐದಾರು ತಿಂಗಳಾಗಿದ್ದಾಗ, ಒಂದು ಬೆಳಿಗ್ಗೆ ಹಿಟ್ಟು ನಾದುತ್ತ ಕೇಳಿದಳು.

"ಅಕ್ಕಾರ, ನಮ್ಮ ಓಣ್ಯಾಗ ಒಬ್ಬಾಕಿಗೆ ಎದ್ಯಾಗ ಒಂದು ಗಂಟ ಆಗೇತ್ರಿ. ನೀವು ಓದಿದವರು ಅಂತ ಕೇಳಾಕತ್ತೇನಿ. ನೋವಿಲ್ಲಂದ್ರ ಚಿಂತಿಲ್ಲ, ಹೌದಿಲ್ರಿ?"

ನನ್ನ ಗಂಟಿಗೂ ನೋವಿರಲಿಲ್ಲ. ಸ್ನಾನ ಮಾಡುವಾಗ ಎಡಗಡೆ ಚರ್ಮ ಸಣ್ಣಗೆ ಒಳಗೆ ಜಗ್ಗಿದಂತೆ ಕಂಡು, ಒಂದು ವಾರದೊಳಗೆ ತೋರಿಸಿದ್ದೆ. ಅದಕ್ಕೇ ಬದುಕಿದ್ದೇನೆ. ನೋವಿಲ್ಲದ ಗಂಟಿಗೇ ಹೆದರಬೇಕು ನೀಲವ್ವ, ನಾಳೆಯೇ ನಡಿ ಎಂದು ಹೇಳಲು ಊರಿನಲ್ಲಿ ನನಗಿಂತ ಸರಿಯಾದವಳು ಇರಲಿಲ್ಲ. ಆದರೆ ನನ್ನ ತಲೆಗೆ ಬಂದದ್ದು ಬೇರೆ. ಇವಳಿಗೆ ಸಂಶಯ ಬಂದಿದೆಯೇ, ನನ್ನ ಬಾಯಿ ಬಿಡಿಸುತ್ತಿದ್ದಾಳೆಯೇ, ನಾಲ್ಕು ಕನ್ನಡ ಮನೆಗಳಿಗೆ ಹೋಗುವವಳು, ಸುದ್ದಿ ಬೆಳಗಾವಿ ಮುಟ್ಟಿದರೆ? ನನಗೇನು ಗೊತ್ತು, ಡಾಕ್ಟರಿಗೆ ತೋರಿಸಲು ಹೇಳು ಅವಳಿಗೆ, ಎಂದೆ. ಎಂದು ಚಟ್ನಿಪುಡಿಗೆ ಮಿಕ್ಸರ್ ಹಾಕಿದೆ. ಮಿಕ್ಸರ್ ನಿಲ್ಲುವಷ್ಟರಲ್ಲಿ ಅವಳು ಮೊದಲ ರೊಟ್ಟಿ ಹಂಚಿಗೆ ಹಾಕಿದ್ದಳು. ಮಾತು ಅಲ್ಲಿಗೆ ಮುಗಿಯಿತು.

ಆ ವರ್ಷದ ಕೊನೆಗೆ ನನ್ನದೇ ಶುರುವಾಯಿತು. ಹೊಸ ಸ್ತನ ಮೊದಲಿಂದಲೂ ಮರಗಟ್ಟಿದಂತೆಯೇ ಇತ್ತು. ಮುಟ್ಟಿದರೆ ಬೇರೆ ಯಾರದ್ದೋ ಮೈ ಮುಟ್ಟಿದ ಹಾಗೆ. ಅದಕ್ಕೆ ಒಗ್ಗಿಕೊಂಡಿದ್ದೆ. ಈಗ ಅದರ ಮೇಲಂಚಿನಲ್ಲಿ, ಕಂಕುಳ ಕಡೆಗೆ, ಅಡಿಕೆಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ವಾರ ಕಳೆದು ಮತ್ತೆ ನೋಡಿದರೆ ನಿಂಬೆಹಣ್ಣಿನಷ್ಟಿತ್ತು. ಅಥವಾ ನನ್ನ ಹೆದರಿಕೆಗೆ ಹಾಗನಿಸಿತು. ಸ್ತನವೂ ಆ ಕಡೆಗೆ ಜಗ್ಗಿದಂತೆ ಮೇಲೇರಿತ್ತು. ಕನ್ನಡಿಯ ಮುಂದೆ ಸೆರಗು ಹೊದ್ದರೆ ಪಿನ್ನು ಹಾಕಿದ ಕಡೆ ನಿಲ್ಲುತ್ತಿರಲಿಲ್ಲ, ಜಾರಿ ಬರುತ್ತಿತ್ತು.

ಆಸ್ಪತ್ರೆಯ ಆ ಕಾರಿಡಾರು ನನಗೆ ಚೆನ್ನಾಗಿ ಗೊತ್ತು. ಉದ್ದ ಬೆಂಚು, ಸದ್ದಿಲ್ಲದೆ ಓಡುವ ಟೀವಿ, ಎಕ್ಸ್‌ರೇ ಕವರನ್ನು ಎದೆಗೆ ಒತ್ತಿ ಹಿಡಿದು ಕೂತ ಹೆಂಗಸರು. ನನ್ನ ಪಕ್ಕದಲ್ಲಿ ಹೂವಿನ ಫ್ರಾಕು ತೊಟ್ಟ ಒಬ್ಬ ಮುದುಕಿ, ಕರವಸ್ತ್ರದಲ್ಲಿ ಜಪಸರ ಸುತ್ತಿಕೊಂಡು ಕೂತಿದ್ದಳು. ಕಿತ್ತಳೆ ಸುಲಿದು ಅರ್ಧ ನನ್ನ ಅಂಗೈಯಲ್ಲಿಟ್ಟಳು, ನಾರು ಒಂದೂ ಇಲ್ಲದಂತೆ ಬಿಡಿಸಿ. "ತುಕಾ ಖಂಯ್?" ಎಂದು ಕೇಳಿ ತನ್ನ ಎದೆಯ ಬಲಗಡೆಗೆ ಬೆರಳು ತೋರಿಸಿಕೊಂಡಳು. ನಿನಗೆಲ್ಲಿ ಎಂದು. ನಾನು ನನ್ನ ಹೊಟ್ಟೆ ತೋರಿಸಿದೆ. ಕ್ಯಾನ್ಸರಿನವರೇ ಕೂತಿದ್ದ ಬೆಂಚಿನ ಮೇಲೆ, ನಾಳೆ ಮುಖವೂ ನೆನಪಿರದ ಹೆಂಗಸಿನ ಮುಂದೆ, ನನ್ನ ಕೈ ತಾನಾಗಿ ಹೊಟ್ಟೆಯ ಕಡೆಗೆ ಹೋಯಿತು.

ಸೂಜಿ ಚುಚ್ಚಿ ತುಣುಕು ತೆಗೆದರು. ಉತ್ತರಕ್ಕೆ ಐದು ದಿನ. ಆ ಐದು ದಿನ ಮನೆಯವರು ಆಫೀಸಿನಿಂದ ಬೇಗ ಬಂದು ನನ್ನ ಜೊತೆ ಕಾಳು ಆರಿಸಲು ಕೂಡುತ್ತಿದ್ದರು. ಯಾವತ್ತೂ ಮಾಡಿದವರಲ್ಲ, ಕಲ್ಲನ್ನು ಬಿಟ್ಟು ಕಾಳನ್ನೇ ಆಚೆ ಹಾಕುತ್ತಿದ್ದರು. ನಾನು ಅವರು ನೋಡದಾಗ ಮತ್ತೆ ಒಟ್ಟು ಮಾಡುತ್ತಿದ್ದೆ.

ಕ್ಯಾನ್ಸರ್ ಅಲ್ಲ ಎಂದು ಬಂತು. ಹೊಟ್ಟೆಯಿಂದ ಎತ್ತಿ ಕೂಡಿಸಿದ ಕೊಬ್ಬಿನಲ್ಲಿ ಒಂದಷ್ಟಕ್ಕೆ ರಕ್ತ ಸರಿಯಾಗಿ ಮುಟ್ಟದೆ ಸತ್ತು ಗಟ್ಟಿಯಾಗಿತ್ತು. ನಮ್ಮ ಪ್ಲಾಸ್ಟಿಕ್ ಸರ್ಜನ್ ಮಡಗಾಂವಿನ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಇಂಥದ್ದು ಆಗುತ್ತದೆ, ಎರಡನೆಯ ಸಲ ಸರಿಪಡಿಸುವುದು ಇದ್ದದ್ದೇ, ಎಂದರು. ಸತ್ತ ಭಾಗ ತೆಗೆಯುವುದು, ತೊಡೆಯಿಂದ ಕೊಬ್ಬು ಹೀರಿ ಆ ತಗ್ಗಿಗೆ ತುಂಬುವುದು, ಹೊಟ್ಟೆಯ ಹೊಲಿಗೆಯ ಎರಡೂ ತುದಿಯಲ್ಲಿ ಕಿವಿಯ ಹಾಗೆ ಎದ್ದು ನಿಂತಿದ್ದ ಚರ್ಮವನ್ನು ಕತ್ತರಿಸಿ ಚಪ್ಪಟೆ ಮಾಡುವುದು. ನನಗೆ ಹಾಸ್ಟೆಲಿನ ಹೊಲಿಗೆ ಕ್ಲಾಸು ನೆನಪಾಯಿತು. ಸಿಸ್ಟರ್ ಮೊದಲು ದೂರ ದೂರ ಕಚ್ಚಾ ಹೊಲಿಗೆ ಹಾಕಿಸಿ, ಬಟ್ಟೆ ಮೈಗೆ ಹಿಡಿದು ನೋಡಿ, ಬಿಚ್ಚಿ, ಆಮೇಲೆ ಸಣ್ಣ ಹೊಲಿಗೆ ಹಾಕಿಸುತ್ತಿದ್ದರು. ಬಿಚ್ಚುವಾಗ ಹುಡುಗಿಯರು ಅಳುತ್ತಿದ್ದರು. ನಾನೂ ಅತ್ತಿದ್ದೆ.

ಬೇಕೋ ಬೇಡವೋ ನೀವೇ ಯೋಚಿಸಿ ಎಂದರು ಡಾಕ್ಟರ್. ಮನೆಯಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ ಎಂಬಂತಿತ್ತು. ಮನೆಯವರು ರಿಪೋರ್ಟನ್ನು ಇದ್ದ ಮಡಿಕೆಯ ಮೇಲೇ ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದರು.

"ಕ್ಯಾನ್ಸರ್ ಅಲ್ಲಲ್ಲ ವಿದ್ಯಾ. ಸಾಕಲ್ಲ ಮತ್ತ. ಈಗ ಯಾರ್ ನೋಡ್ತಾರ?"

ಸಮಾಧಾನಕ್ಕೆಂದೇ ಹೇಳಿದರು. ಒಳ್ಳೆಯ ಮನುಷ್ಯ. ಒಂದು ವರ್ಷದಿಂದ ನಾನು ಬಟ್ಟೆ ಬದಲಿಸುವಾಗ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ನನಗೆ ಸಂಕೋಚವಾಗದಿರಲಿ ಎಂದೋ, ತಮಗೆ ನೋಡಲಾಗದೆಯೋ, ನಾನು ಕೇಳಿರಲಿಲ್ಲ.

"ನಾ ನೋಡ್ತೀನಲ್ಲ," ಎಂದೆ. "ಕೈ ಹತ್ತಿದಾಗೊಮ್ಮೆ ಹೆದರಿಕಿ ಆಗ್ತದ."

ಕುಸುಮಕ್ಕ ಫೋನಿನಲ್ಲಿ, ಹರ್ನಿಯಾ ಮತ್ತೆ ಮರುಕಳಿಸಿತು ಎಂದರಾಯಿತು, ಹಾಗೆ ಆಗುವುದುಂಟು, ಎಂದಳು. ಏಪ್ರಿಲ್ ಕೊನೆಗೆ ತಾರೀಖು ಸಿಕ್ಕಿತು. ಮ್ಹಾಪಸಾದ ಶುಕ್ರವಾರದ ಸಂತೆಗೆ ಹೋಗಿ ಮುಂದೆ ಗುಂಡಿ ಇರುವ ನಾಲ್ಕು ಹತ್ತಿಯ ಅಂಗಿ ತಂದೆ. ಮೊದಲ ಸಲ ಅಂಥ ಅಂಗಿ ಇಲ್ಲದೆ, ಕೈ ಎತ್ತಲಾಗದೆ ಒದ್ದಾಡಿದ್ದೆ. ನಿಮಗೆ ಯಾರಿಗಾದರೂ ಈ ಆಪರೇಶನ್ ಇದ್ದರೆ ಅದೊಂದನ್ನು ಮೊದಲೇ ತಂದಿಡಿ. ಯಾರೂ ಹೇಳುವುದಿಲ್ಲ.

ತಾರೀಖಿಗೆ ಹತ್ತು ದಿನವಿತ್ತು. ಸೆಕೆ. ನೀಲವ್ವ ಹಿಟ್ಟು ನಾದಿ, ಲಟ್ಟಣಿಗೆ ಕೇಳಿದಳು.

ಓದುವ ಎಲ್ಲರಿಗೂ ಇದರ ತೂಕ ತಿಳಿಯಲಿಕ್ಕಿಲ್ಲ. ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿದು ಅಗಲ ಮಾಡಬೇಕು. ಲಟ್ಟಿಸುವವರನ್ನು ಕಂಡರೆ ನೀಲವ್ವನಿಗೆ ತಾತ್ಸಾರ. ನಮ್ಮ ಕೆಳಗಿನ ಮನೆಯವರು ಲಟ್ಟಿಸುತ್ತಾರೆಂದು, ಅದು ರೊಟ್ಟಿಯಲ್ಲ, ಜೋಳದ ವೇಷ ಹಾಕಿದ ಚಪಾತಿ ಎಂದು ಎಷ್ಟು ಸಲ ಆಡಿಕೊಂಡಿದ್ದಳೋ. ನಾನು ನಗುತ್ತಲೇ ಲಟ್ಟಣಿಗೆ ಕೊಟ್ಟೆ. ಕೊಡುವಾಗ ಅವಳ ಕೈ ನೋಡಿದೆ. ಎಡಗೈ ತುಂಬ ಹಸಿರು ಬಳೆ. ಬಲಗೈಯಲ್ಲಿ ಒಂದೂ ಇಲ್ಲ. ಗಂಡನಿರುವ ಹೆಂಗಸು, ಅದೂ ನೀಲವ್ವನಂಥವಳು, ಒಂದು ಕೈ ಬೋಳು ಬಿಟ್ಟುಕೊಂಡು ಹೊಸಿಲು ದಾಟುವವಳಲ್ಲ. ಬಳೆ ಎಲ್ಲಿ ಎಂದರೆ ಹಿಟ್ಟು ಹತ್ತುತ್ತದೆಂದು ತೆಗೆದಿಟ್ಟೆ ಎಂದಳು. ವರ್ಷದ ಮೇಲೆ ಹತ್ತದ ಹಿಟ್ಟು. ಬಲ ಮುಂಗೈಯಿಂದ ಮೊಣಕೈವರೆಗೆ ಚರ್ಮ ಬಿಗಿದು ಹೊಳೆಯುತ್ತಿತ್ತು, ಹತ್ತಿ ಹೆಚ್ಚು ತುಂಬಿದ ದಿಂಬಿನ ಹಾಗೆ. ಬಳೆಯನ್ನು ಒಡೆದೇ ತೆಗೆದಿದ್ದರೆಂದು ಆಮೇಲೆ ಗೊತ್ತಾಯಿತು.

ಎದೆಯ ಗಂಟು ಕಂಕುಳಿಗೆ ಹೋದರೆ ಕೈ ಹೀಗೆ ಬಾತುಕೊಳ್ಳುವುದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಂಡಿದ್ದೆ. ನಾನು ಒಲೆ ಆರಿಸಿದೆ. ಅಡುಗೆಮನೆಯ ಬಾಗಿಲು ಹಾಕಿದೆ.

"ನೀಲವ್ವ, ನನಗ ಹರ್ನಿಯಾ ಆಗಿರಲಿಲ್ಲ."

ಅವಳು ನಂಬಲಿಲ್ಲ. ಹೊಟ್ಟೆಗೆ ಪಟ್ಟಿ ಕಟ್ಟಿದವಳು ತಾನೇ ಅಲ್ಲವೇ, ಬಿಸಿಲಿಗೆ ತಲೆ ಕೆಟ್ಟಿದೆಯೇ ಎಂದಳು. ಹಾಸ್ಟೆಲಿನಲ್ಲಿ ನಾವು ಮೈಮೇಲೆ ಲಂಗ ಇಟ್ಟುಕೊಂಡೇ ಸ್ನಾನ ಮಾಡುತ್ತಿದ್ದೆವು. ಆ ರೂಢಿ ನನಗೆ ಇಂದಿಗೂ ಹೋಗಿಲ್ಲ. ಡಾಕ್ಟರು, ನರ್ಸುಗಳನ್ನು ಬಿಟ್ಟರೆ ಈ ಎದೆಯನ್ನು ಯಾರೂ ನೋಡಿರಲಿಲ್ಲ, ಮಗಳೂ ಇಲ್ಲ. ನಾನು ಬ್ಲೌಸಿನ ಹುಕ್ಕು ಬಿಚ್ಚಿದೆ. ನಾಲ್ಕನೆಯ ಹುಕ್ಕು ಯಾವಾಗಲೂ ಸಿಕ್ಕಿಕೊಳ್ಳುತ್ತದೆ, ಅವತ್ತೂ ಸಿಕ್ಕಿಕೊಂಡಿತು.

ಅವಳು ಬಹಳ ಹೊತ್ತು ನೋಡಿದಳು. ಬಾಗಿ, ಹತ್ತಿರದಿಂದ, ಸೀರೆ ಆರಿಸುವಾಗ ಅಂಚು ನೋಡುವ ಹಾಗೆ.

"ಇದು ಹೊಟ್ಟೀದೇನ್ರಿ?"

ಹೂಂ ಎಂದೆ.

"ಹೌದ ನೋಡ್ರಿ. ಬಸರಿನ ಗೆರಿ ಅದಾವ."

ನಾನು ಅದನ್ನು ವರ್ಷದ ಮೇಲೆ ದಿನಾ ನೋಡಿದ್ದೆ. ಆ ಬಿಳಿ ಗೆರೆಗಳು ಎಲ್ಲಿಂದ ಬಂದವೆಂದು ಹೊಳೆದಿರಲಿಲ್ಲ. ಅನಘಾ ಹೊಟ್ಟೆಯಲ್ಲಿದ್ದಾಗ ಬಿದ್ದ ಗೆರೆಗಳು. ಹೊಟ್ಟೆಯ ಚರ್ಮದ ಜೊತೆ ಮೇಲೆ ಬಂದು ಕೂತಿದ್ದವು.

ಆಮೇಲೆ ನೀಲವ್ವ ತನ್ನ ಕುಪ್ಪಸ ಸಡಿಲಿಸಿದಳು. ನಾನು ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಅರಿಸಿನ ಹಚ್ಚಿದ್ದಳು, ಸುಣ್ಣ ಹಚ್ಚಿದ್ದಳು, ಯಾರೋ ಕೊಟ್ಟ ಕರಿ ದಾರ ಕಟ್ಟಿದ್ದಳು.

ಮರುದಿನ ಕರೆದುಕೊಂಡು ಹೋದೆ. ಅದೇ ಬೆಂಚು. ಮಲ್ಲಪ್ಪ ಕೆಲಸ ಬಿಟ್ಟು ಬಂದು, ಗೋಡೆಗೆ ಒರಗಿ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ನಿಂತಿದ್ದ, ಗುಡಿಯಲ್ಲಿ ನಿಂತ ಹಾಗೆ. ನೀಲವ್ವ ಟೀವಿ ನೋಡುತ್ತ, ಇವರ ಬಾಯಿ ಓಡುತ್ತದೆ ಮಾತೇ ಇಲ್ಲ, ನಮ್ಮ ಅತ್ತೆಗೂ ಇಂಥ ಬಟನ್ ಇದ್ದರೆ ಎಂದಳು. ಪಕ್ಕದ ಇಬ್ಬರು ಕನ್ನಡ ಬರುವವರು ನಕ್ಕರು. ನನ್ನ ಸರ್ಜನ್ನೇ ತಮ್ಮ ಪರಿಚಯದ ಕ್ಯಾನ್ಸರ್ ಡಾಕ್ಟರಿಗೆ ಹೇಳಿದ್ದರು. ಅವರು ಒಳಗೆ ಪರೀಕ್ಷೆ ಮಾಡಿ ಹೊರಗೆ ಬಂದು, ನಾನು ಕೆಲಸ ಕೊಟ್ಟ ಮನೆಯವಳೆಂದು ತಿಳಿದು, ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಕೇಳಿದರು. ಇಷ್ಟು ತಿಂಗಳು ಈ ಹೆಂಗಸು ಎಲ್ಲಿದ್ದಳು?

ನನ್ನ ಅಡುಗೆಮನೆಯಲ್ಲಿದ್ದಳು. ಅದನ್ನು ಹೇಳಲಿಲ್ಲ. ಅವಳಿಗೆ ಗೊತ್ತಿರಲಿಲ್ಲ ಎಂದೆ. ಡಾಕ್ಟರು ಅವಳನ್ನು ಬೈಯಬಾರದೆಂದು ಹಾಗೆಂದೆ ಅಂತ ನನಗೆ ನಾನೇ ಹೇಳಿಕೊಂಡೆ.

ಸ್ಕ್ಯಾನಿನಲ್ಲಿ ಬೆನ್ನೆಲುಬಿಗೂ ಹೋಗಿತ್ತು. ಆಪರೇಶನ್ ಈಗ ಇಲ್ಲ, ಮೊದಲು ಕೀಮೋ, ನೋಡೋಣ ಎಂದರು. ಆ 'ನೋಡೋಣ'ದ ಅರ್ಥ ನನಗೆ ಆಯಿತು. ಮಲ್ಲಪ್ಪನಿಗೆ ಆಗಲಿಲ್ಲ, ಅವನು ಕೈಮುಗಿದ.

ನನ್ನ ತಾರೀಖನ್ನು ಮುಂದೆ ಹಾಕುತ್ತೇನೆ ಎಂದು ನೀಲವ್ವನಿಗೆ ಹೇಳಿದೆ. ಆಕಾರ ಸರಿ ಮಾಡಿಸಿಕೊಳ್ಳಲು ಹೋಗುವುದು, ಅವಳು ಅಲ್ಲಿ ಹಾಗೆ ಕೂತಿರುವಾಗ, ನಾಚಿಕೆಯ ಕೆಲಸವೆನಿಸಿತು. ಅವಳಿಗೆ ಸಿಟ್ಟು ಬಂತು.

"ನೀವು ಬಿಟ್ರ ನನ್ನ ಗಂಟ ಕರಗತೈತೇನ್ರಿ? ಮಾಡಸ್ಕೊಳ್ರಿ ಸುಮ್ಮನ."

ಹಾಗಾಗಿ ಮಾಡಿಸಿಕೊಂಡೆ. ಹಿಂದಿನ ದಿನ ದಾಖಲಾಗುವಾಗ ಕೌಂಟರಿನ ಹುಡುಗಿ ಯಾವ ಆಪರೇಶನ್ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಚೀಟಿ ಹುಡುಕುವಷ್ಟರಲ್ಲಿ ಮನೆಯವರು ಹಿಂದೆ ಸಾಲು ನಿಂತವರಿಗೂ ಕೇಳುವಂತೆ, ಬ್ರೆಸ್ಟಿನ ಆಪರೇಶನ್, ಎರಡನೆಯದು, ಎಂದರು. ಆ ಶಬ್ದ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಬೆಳಿಗ್ಗೆ ಡಾಕ್ಟರ್ ನನ್ನನ್ನು ನಿಲ್ಲಿಸಿ ನೇರಳೆ ಪೆನ್ನಿನಿಂದ ಗೆರೆ ಎಳೆದರು. ಕೈ ಇಳಿಬಿಟ್ಟು, ಎದುರಿನ ಕ್ಯಾಲೆಂಡರಿನ ಮೇಲೆ ಕಣ್ಣಿಟ್ಟು ನಿಂತೆ. ಪೆನ್ನಿನ ತುದಿ ತಣ್ಣಗಿತ್ತು. ಎಡಗಡೆ ಮುಟ್ಟಿದಾಗ ಅದೂ ತಿಳಿಯಲಿಲ್ಲ. ಥಿಯೇಟರಿನ ಬಾಗಿಲಲ್ಲಿ ಒಬ್ಬ ವಯಸ್ಸಾದ ನರ್ಸ್ ನನ್ನ ಪಾದಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ತಣ್ಣಗಾಗಿವೆಯೆಂದು ಉಜ್ಜಿ, "ಭಿಯೆಂವ್ ನಾಕಾ ಗೋ ಬಾಯ್" ಎಂದಳು. ಹೆದರಬೇಡ ಎಂದು ನನಗೆ ಆ ದಿನ ಹೇಳಿದವಳು ಅವಳೊಬ್ಬಳೇ. ಉಳಿದವರೆಲ್ಲ ಚಿಕ್ಕ ಆಪರೇಶನ್ ಎಂದರು.

ಚಿಕ್ಕದೇ. ಆದರೆ ಎದ್ದಾಗ ತೊಡೆಗಳು ಯಾರೋ ಕೋಲಿನಿಂದ ಹೊಡೆದಂತೆ ನೇರಳೆಗಟ್ಟಿದ್ದವು, ಎದೆಗಿಂತ ಅಲ್ಲೇ ಹೆಚ್ಚು ನೋವು. ಸೊಂಟದಿಂದ ಮೊಣಕಾಲವರೆಗೆ ಬಿಗಿಯಾದ ಚಡ್ಡಿ, ಶೌಚಕ್ಕೆ ಹೋಗುವುದೇ ಒಂದು ಯುದ್ಧ. ಪಕ್ಕದಲ್ಲಿ ಕೊಳವೆ, ಕೊಳವೆಯ ತುದಿಗೆ ಕೆಂಪು ನೀರು ತುಂಬುವ ಬಾಟಲಿ. ಅದನ್ನು ಖಾಲಿ ಮಾಡುವುದನ್ನು ನರ್ಸ್ ಮನೆಯವರಿಗೆ ಕಲಿಸಿದಳು. ಡ್ರೆಸ್ಸಿಂಗ್ ಬಿಚ್ಚಿದಾಗ ಅವರು ಕಿಟಕಿಯ ಕಡೆ ತಿರುಗುತ್ತಾರೆಂದು ನಾನು ಕಾದೆ. ತಿರುಗಲಿಲ್ಲ. ಬಾಟಲಿ ಹಿಡಿದು ನಿಂತು ನೋಡಿದರು. "ಭಾಳ ಕೊಯ್ದಾರಲ್ಲ," ಎಂದರು. ನಾನು ಅತ್ತದ್ದು ನೋವಿಗಲ್ಲ. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ನೋವಿನ ಮಾತ್ರೆ ತರಲು ಓಡಿದರು.

ಎರಡನೆಯ ದಿನ ನೀಲವ್ವ ಕೆಳಗಿನ ಮಹಡಿಯಲ್ಲಿ ಕೀಮೋ ಮುಗಿಸಿ ಮೇಲೆ ಬಂದಳು. ಸೆರಗು ತಲೆಯ ಮೇಲೆ, ಕೈಯಲ್ಲಿ ಪಟ್ಟಿ. ಸ್ಟೂಲಿನ ಮೇಲೆ ಕೂತು ಉಸಿರು ತೆಗೆದುಕೊಂಡು, ಎಲ್ಲಿಂದ ತೆಗೆದರು ಎಲ್ಲಿಗೆ ಹಾಕಿದರು ಎಂದು ವಿವರವಾಗಿ ಕೇಳಿದಳು.

"ಮೊದಲ ಹೊಟ್ಟಿ ಮ್ಯಾಲ ಬಂತು, ಈಗ ತೊಡಿ ಮ್ಯಾಲ ಬಂತು. ಇನ್ನ ನಿಮಗ ಕಾಲ ನೊಂದ್ರ ಎದಿ ಒತ್ತಬೇಕೇನ್ರಿ ನಾವು?"

ನಕ್ಕರೆ ಹೊಲಿಗೆ ಜಗ್ಗುತ್ತಿತ್ತು. ನಗಿಸಬೇಡ ಎಂದು ಕೈ ಅಡ್ಡ ಹಿಡಿದೆ. ಅವಳೂ ನಕ್ಕಳು, ಆಮೇಲೆ ವಾಂತಿ ಬಂದಂತಾಗಿ ಬಾಯಿಗೆ ಸೆರಗು ಒತ್ತಿಕೊಂಡು ಬಾತ್‌ರೂಮಿಗೆ ಹೋದಳು. ಒಳಗಿಂದ ಸದ್ದು ಬರುತ್ತಿತ್ತು. ನಾನು ಏಳಲಾರದೆ ಕೊಳವೆ ಹಿಡಿದುಕೊಂಡು ಕೇಳುತ್ತ ಮಲಗಿದ್ದೆ.

ನನ್ನದು ಮಾಯಿತು. ತುಂಬಿದ ಕೊಬ್ಬಿನಲ್ಲಿ ಸ್ವಲ್ಪ ಕರಗಿತು, ಹಾಗೆ ಆಗುತ್ತದೆಂದು ಮೊದಲೇ ಹೇಳಿದ್ದರು. ಮೇಲಂಚಿನಲ್ಲಿ ಇನ್ನೂ ಒಂದು ತಗ್ಗಿದೆ, ಹೆಬ್ಬೆರಳಿನಿಂದ ಒತ್ತಿದಂತೆ. ಇನ್ನೊಮ್ಮೆ ತುಂಬಬಹುದು, ಮೊಲೆತೊಟ್ಟನ್ನೂ ಮಾಡಬಹುದು ಎಂದರು. ಈಗ ಬೇಡ ಎಂದೆ. ಸೆರಗು ನಿಲ್ಲುತ್ತದೆ. ಕೈ ಹತ್ತಿದರೆ ಮೆತ್ತಗಿದೆ, ಗಂಟಿಲ್ಲ. ಈ ಆಪರೇಶನ್ ಅಲಂಕಾರಕ್ಕೆಂದು ಯಾರಾದರೂ ನಿಮಗೆ ಹೇಳಿದರೆ ಅವರಿಗೆ ಉತ್ತರ ಕೊಡಬೇಕಿಲ್ಲ. ದಿನಾ ಸ್ನಾನ ಮಾಡುವಾಗ ಹೆದರದೆ ಸೋಪು ಹಚ್ಚಿಕೊಳ್ಳಲು ನಾನು ಅದನ್ನು ಮಾಡಿಸಿಕೊಂಡೆ.

ಸಂಘದ ಹೆಂಗಸರು ಮತ್ತೆ ಹಣ್ಣು ತಂದಾಗ ಈ ಸಲ ನಿಜ ಹೇಳಿದೆ. ಒಬ್ಬರು ನನ್ನ ಹೊದಿಕೆ ಸರಿಮಾಡಿದರು. ವಾರದೊಳಗೆ ಇಬ್ಬರು ಬೇರೆ ಬೇರೆಯಾಗಿ ಫೋನು ಮಾಡಿ, ಎಲ್ಲಿ ತೋರಿಸಬೇಕೆಂದು ಕೇಳಿದರು. ಬೆಳಗಾವಿಯವರಿಗೆ ಅನಘಾ ತಾನೇ ಹೇಳಿದಳು. ಎರಡೂ ಮನೆಗಳಿಂದ ಮತ್ತೆ ಫೋನು ಬರಲಿಲ್ಲ. ಬರದಿದ್ದರೆ ಬಿಡು ಅಮ್ಮಾ ಎಂದಳು. ಆದರೆ ಅವತ್ತು ಸಂಜೆ ಒಣಗಿದ ಬಟ್ಟೆ ಮಡಿಚುತ್ತ, ಮಡಿಚಿದ್ದನ್ನೇ ಮತ್ತೆ ಬಿಚ್ಚಿ ಮಡಿಚುತ್ತ, ತುಂಬ ಹೊತ್ತು ಒಬ್ಬಳೇ ಕೂತಿದ್ದಳು. ಕುಸುಮಕ್ಕ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ.

ನೀಲವ್ವ ಈಗ ಇಲ್ಲ. ಕೀಮೋ ನಾಲ್ಕು ಸಲ ಆಯಿತು, ಐದನೆಯದನ್ನು ಡಾಕ್ಟರೇ ಬೇಡವೆಂದರು. ಊರಿಗೆ ಹೋಗುತ್ತೇನೆಂದಳು. ದೀಪಾವಳಿ ಮುಗಿದ ವಾರ ಮಲ್ಲಪ್ಪ ಫೋನು ಮಾಡಿ ಹೇಳಿದ. ಆದರೆ ನಾನು ಕೊನೆಗೆ ಬರೆಯಬೇಕಾದದ್ದು ಅದಲ್ಲ, ಅವಳು ಹೊರಡುವ ಹಿಂದಿನ ಮಧ್ಯಾಹ್ನ ನಮ್ಮ ಮನೆಗೆ ಬಂದದ್ದು.

ಮಲ್ಲಪ್ಪ ರಿಕ್ಷಾದಲ್ಲಿ ಕರೆತಂದು, ಮೇಲೆ ಬಿಟ್ಟು, ಕೆಳಗೆ ಹೋಗಿ ನಿಂತ. ಬಾ ಕೂಡು ಎಂದು ಎರಡು ವರ್ಷ ಹೇಳಿದರೂ ಅಡುಗೆಮನೆಯ ನೆಲ ಬಿಟ್ಟು ಕೂಡದವಳು ಅವತ್ತು ಡೈನಿಂಗ್ ಟೇಬಲ್ಲಿನ ಕುರ್ಚಿಯ ಮೇಲೆ ಕೂತಳು. ನೆಲಕ್ಕೆ ಕೂತರೆ ಏಳಲಾಗುತ್ತಿರಲಿಲ್ಲ. ಚಹಾ ಎರಡು ಗುಟುಕು ಕುಡಿದಳು. ಊರಿನ ಸುದ್ದಿ, ಮಳೆಯ ಸುದ್ದಿ ಆಡಿದಳು. ಆಮೇಲೆ ಲೋಟವನ್ನು ಟೇಬಲ್ಲಿನ ಮೇಲೆ ದೂರ ಸರಿಸಿ ಕೇಳಿದಳು.

"ಅಕ್ಕಾರ, ಅವತ್ತ ನಾ ಓಣ್ಯಾಗಿನಾಕಿ ಅಂತ ಕೇಳಿದ್ನಲ್ರಿ. ಅದು ನಂದ ಅಂತ ನಿಮಗ ಗೊತ್ತಾಗಿತ್ತೇನ್ರಿ?"

ಆ ಬೆಳಗಿನ ಬಗ್ಗೆ ಮೇಲೆ ಬರೆಯುವಾಗ ಒಂದು ವಿಷಯ ಬಿಟ್ಟಿದ್ದೇನೆ. ಬಿಟ್ಟದ್ದು ಮರೆತಲ್ಲ. ಅವಳು ಹಾಗೆ ಕೇಳುವಾಗ, ಅವಳ ಕುಪ್ಪಸದ ಬಲಗಡೆ, ಸೆರಗು ಸರಿದಲ್ಲಿ, ಹಿಟ್ಟಿನ ಬೆರಳುಗಳ ಗುರುತಿತ್ತು. ನಾಲ್ಕು ಬೆರಳು, ಬಿಳಿಯಾಗಿ, ಸ್ಪಷ್ಟವಾಗಿ. ಹಿಟ್ಟು ನಾದುವ ನಡುವೆ ಅಲ್ಲಿ ಒತ್ತಿ ನೋಡಿಕೊಂಡಿದ್ದಳು. ನಾನು ಗುರುತನ್ನು ನೋಡಿದೆ, ಅವಳ ಮುಖ ನೋಡಿದೆ, ಆಮೇಲೆ ಆ ಕಡೆ ತಿರುಗಿದೆ.

"ಗೊತ್ತಾಗಿತ್ತು," ಎಂದೆ.

ನೀಲವ್ವ ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಕ್ಷಮೆಯೂ ಕಾಣಲಿಲ್ಲ.

"ಹೂಂ. ನನಗೂ ಹಂಗ ಅನಸಿತ್ತು."

ಕೆಳಗಿನಿಂದ ರಿಕ್ಷಾದವನು ಹಾರ್ನ್ ಹೊಡೆದ. ಅವಳು ಟೇಬಲ್ಲಿಗೆ ಕೈಯೂರಿ ಏಳಲು ನೋಡಿದಳು, ಆಗಲಿಲ್ಲ. "ಎಬ್ಬಸ್ರಿ," ಎಂದಳು. ಹೊಟ್ಟೆಯ ಹೊಲಿಗೆ ಪೂರ್ತಿ ಗಟ್ಟಿಯಾಗುವವರೆಗೆ ಭಾರ ಎತ್ತಬಾರದೆಂದು ಡಾಕ್ಟರ್ ನನಗೆ ಹೇಳಿದ್ದರು. ಅವಳ ಎರಡೂ ಕಂಕುಳಲ್ಲಿ ಕೈಯಿಟ್ಟು ಎತ್ತಿದೆ. ಅವಳಲ್ಲಿ ಭಾರವೇ ಇರಲಿಲ್ಲ.